ಅದು ನಿನ್ನ ಸತ್ಯ, ಅಮ್ಮ

ಪುಟ್ಟಿ,

ಮೊನ್ನೆ ಆ ನಾಯಕರ ಭಾಷಣದ ಬಗ್ಗೆ ಮಾತಿಗೆ ಮಾತು ಬೆಳೆದು, ಕೊನೆಗೆ ನೀನು "ಅದು ನಿನ್ನ ಸತ್ಯ, ಅಮ್ಮ" ಅಂತ ಫೋನಿಟ್ಟೆಯಲ್ಲ, ಆ ಮಾತು ಇನ್ನೂ ಕೊರೆಯುತ್ತಿದೆ. ಸಿಟ್ಟು ನಿನ್ನ ಮೇಲಲ್ಲ. ನಿನ್ನ ವಯಸ್ಸಿನಲ್ಲಿ ನಾನೂ ಅದೇ ಮಾತಿನಿಂದ ಎಷ್ಟೋ ಜನರ ಬಾಯಿ ಮುಚ್ಚಿಸಿದ್ದೆ.

ಆಗ ನಮಗೆಲ್ಲ, ಎಲ್ಲರಿಗೂ ಒಂದೇ ಸತ್ಯ ಅನ್ನುವುದನ್ನೇ ಅನುಮಾನಿಸುವ ಆಧುನಿಕೋತ್ತರವಾದದ ಹುಚ್ಚು. ಮಹಾಕಥನಗಳನ್ನು, ಅಂದರೆ ಇಡೀ ಚರಿತ್ರೆಗೆ ಒಂದೇ ಅರ್ಥ ಹೇಳುವ ದೊಡ್ಡ ಕಥೆಗಳನ್ನು, ಯಾರೂ ನಂಬುವ ಕಾಲವಲ್ಲ ಇದು ಅಂತ ಫ್ರೆಂಚ್ ತತ್ವಜ್ಞಾನಿ ಲ್ಯೋತಾರ್ 1979ರಲ್ಲಿ ಬರೆದಿದ್ದ. ಯಾವುದು ಜ್ಞಾನ ಅನ್ನಿಸಿಕೊಳ್ಳುತ್ತದೆ ಅನ್ನುವುದರಲ್ಲಿ ಅಧಿಕಾರದ ಕೈ ಇದೆ ಅಂತ ಇನ್ನೊಬ್ಬ ಫ್ರೆಂಚ್ ಚಿಂತಕ ಫುಕೋ ತೋರಿಸಿದ್ದ. ಅದನ್ನು ಈಗಲೂ ತಳ್ಳಿಹಾಕಲಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ತಲೆಬುರುಡೆ ಅಳೆದು, ಮಿದುಳು ತೂಗಿ, ಹೆಣ್ಣಿಗೆ ಬುದ್ಧಿ ಕಡಿಮೆ ಅಂತ ವಿಜ್ಞಾನದ ಹೆಸರಿನಲ್ಲೇ ಹೇಳಿದರು. ಹೇಳುವವರು ಯಾರು, ಅದರಿಂದ ಅವರಿಗೇನು ಲಾಭ ಅಂತ ಕೇಳಲೇಬೇಕು. ಆದರೆ ಅಲ್ಲಿಗೇ ನಿಲ್ಲಬಾರದಿತ್ತು, ನಾವು ನಿಂತೆವು. ಮೈ ದೊಡ್ಡದಿದ್ದರೆ ಮಿದುಳೂ ದೊಡ್ಡದಿರುತ್ತದೆ, ಅದಕ್ಕೂ ಬುದ್ಧಿಗೂ ಗಂಟು ಹಾಕಿದ್ದೇ ತಪ್ಪು ಅಂತ ಯಾರೋ ಕೂತು ಲೆಕ್ಕ ಒಡೆದು ತೋರಿಸಬೇಕಾಯಿತು. "ಅದು ಆ ಗಂಡಸರ ಸತ್ಯ" ಅಂತ ಕೈತೊಳೆದುಕೊಂಡಿದ್ದರೆ ನಮ್ಮ ಗತಿ ಏನಾಗುತ್ತಿತ್ತು ಹೇಳು.

2017ರಲ್ಲಿ ಟ್ರಂಪ್ ಅಧಿಕಾರ ವಹಿಸಿಕೊಂಡ ದಿನ ಎಷ್ಟು ಜನ ಸೇರಿದ್ದರು ಅನ್ನುವ ಜಗಳದಲ್ಲಿ ಅವರ ಸಲಹೆಗಾರ್ತಿ "ಪರ್ಯಾಯ ಸತ್ಯಾಂಶಗಳು" ಅಂದರು. ಆಗ ಕೆಲವರು ಇದೆಲ್ಲ ಪ್ಯಾರಿಸ್ಸಿನ ಪಂಡಿತರ ಪಾಪ ಅಂತ ಕೂಗಾಡಿದರು. ನನಗೆ ಅದು ಒಪ್ಪಿಗೆಯಿಲ್ಲ. ಸಿಗರೇಟಿನ ಹಾನಿಯ ಮಾತು ಬಂದಾಗ "ಅನುಮಾನವೇ ನಮ್ಮ ಸರಕು" ಅಂತ ಅಮೆರಿಕದ ತಂಬಾಕು ಕಂಪನಿಯೊಂದರ ಒಳಟಿಪ್ಪಣಿಯಲ್ಲಿ ಬರೆದದ್ದು 1969ರಲ್ಲಿ, ಲ್ಯೋತಾರ್ ಪುಸ್ತಕಕ್ಕಿಂತ ಹತ್ತು ವರ್ಷ ಮೊದಲು. ಸುಳ್ಳು ಹೇಳುವವರಿಗೆ ತತ್ವಶಾಸ್ತ್ರ ಬೇಕಿರಲಿಲ್ಲ. ಕೆಟ್ಟದ್ದಾದದ್ದು ಅವರ ಎದುರು ನಿಲ್ಲಬೇಕಾದ ನಮಗೆ. ಎತ್ತು ಕರು ಹಾಕಿತು ಅಂದರೆ ಮೊದಲಾದರೂ ನಗುತ್ತಿದ್ದೆವು, ಈಗ "ಅದು ಅವರ ದೃಷ್ಟಿಕೋನ" ಅಂತ ಗೌರವ ಕೊಡುತ್ತೇವೆ. ವಿಜ್ಞಾನದ ಹಿಂದಿನ ಸಮಾಜವನ್ನು ಜೀವನವಿಡೀ ಕೆದಕಿದ ಬ್ರೂನೋ ಲತೂರ್ ಕೂಡ 2004ರಲ್ಲಿ, ನಮ್ಮ ಅಸ್ತ್ರಗಳನ್ನೇ ಹವಾಮಾನ ಬದಲಾವಣೆಯನ್ನು ಅಲ್ಲಗಳೆಯುವವರು ಎತ್ತಿಕೊಂಡರಲ್ಲ ಅಂತ ಚಡಪಡಿಸಿದ.

ರಾಜಕೀಯ ಚಿಂತಕಿ ಹಾನಾ ಅರೆಂಟ್ ಹೇಳುವ ಒಂದು ಪ್ರಸಂಗ ಇದೆ. ಮೊದಲ ಮಹಾಯುದ್ಧದ ಹೊಣೆ ಯಾರದೆಂದು ಮುಂದಿನ ಇತಿಹಾಸಕಾರರು ಹೇಳಬಹುದು ಅಂತ, ಆ ಯುದ್ಧದ ಕೊನೆಗೆ ಫ್ರಾನ್ಸಿನ ಪ್ರಧಾನಿಯಾಗಿದ್ದ ಕ್ಲೆಮಾನ್ಸೊನನ್ನು ಕೇಳಿದರಂತೆ. "ಅದು ಗೊತ್ತಿಲ್ಲ, ಬೆಲ್ಜಿಯಂ ಜರ್ಮನಿಯ ಮೇಲೆ ನುಗ್ಗಿತು ಅಂತಂತೂ ಹೇಳಲಾರರು" ಅಂದನಂತೆ. ನುಗ್ಗಿದ್ದು ಜರ್ಮನಿಯೇ, ಅದನ್ನು ಯಾರೂ ತಿರುಗಿಸಿ ಹೇಳಲಾರರು ಅನ್ನುವ ಅಷ್ಟು ಭರವಸೆ ನನಗಿಲ್ಲ, ಅರೆಂಟ್‌ಗೂ ಇರಲಿಲ್ಲ.

ಇರಲಿ. ಆ ಭಾಷಣ ಪೂರ್ತಿ ಹುಡುಕಿ ನೋಡಿದೆ. ನಾನು ಹಿಡಿದು ಜಗಳಾಡಿದ ಆ ಮಾತು ಅವರದ್ದಲ್ಲ, ಎದುರಾಳಿ ಹೀಗೆನ್ನುತ್ತಾರೆ ಅಂತ ಅವರು ಅಣಕಿಸಿದ್ದು. ನಾನು ಹೇಳಿದ್ದು ಶುದ್ಧ ತಪ್ಪು. ನೀನು ಅವತ್ತೇ "ಅಮ್ಮ, ಅದು ಸುಳ್ಳು" ಅಂದಿದ್ದರೆ ಇನ್ನರ್ಧ ಗಂಟೆ ರೇಗುತ್ತಿದ್ದೆ, ನಿಜ. ಆದರೆ ಆ ರಾತ್ರಿಯೇ ಹುಡುಕುತ್ತಿದ್ದೆ.

ವಿಡಿಯೊ ಕಳಿಸಿದ್ದೇನೆ. ಹದಿನೇಳನೆಯ ನಿಮಿಷದಿಂದ ನೋಡು.

ನಿನ್ನ
ಅಮ್ಮ