ಚರ್ಚಿನ ಸೂರು ಸೋರಿದರೆ ಖರ್ಚು ಯಾರದು?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಇಂಗ್ಲೆಂಡಿನ ಹಳ್ಳಿಗಳ ಬಗ್ಗೆ ಬಂದ ಪ್ರವಾಸ ಲೇಖನ ಚೆನ್ನಾಗಿತ್ತು. ಆದರೆ ವಿಲ್ಟ್‌ಶೈರಿನ ಗ್ರೇಟ್ ಚಾಲ್‌ಫೀಲ್ಡ್‌ನ ಹಳೆಯ ಮೇನರ್ ಮನೆಯನ್ನೂ ಅದರ ಮಗ್ಗುಲಿನ ಚರ್ಚನ್ನೂ ಸರ್ಕಾರವೇ ಕಾಪಾಡಿಕೊಂಡು ಬಂದಿದೆ ಎಂದು ಅದರಲ್ಲಿ ಬರೆಯಲಾಗಿದೆ. ಮನೆಯ ವಿಷಯದಲ್ಲೂ ಚರ್ಚಿನ ವಿಷಯದಲ್ಲೂ ಆ ಮಾತು ಸರಿಯಲ್ಲ.

ಥಾಮಸ್ ಟ್ರೊಪನೆಲ್ ಎಂಬ ಜಮೀನ್ದಾರ 1465ರಿಂದ 1480ರ ಸುಮಾರಿಗೆ ಕಟ್ಟಿಸಿದ ಮನೆ ಅದು. ಮನೆಯ ಮುಂದಿನ ಅಂಗಳದಲ್ಲೇ ಇರುವ ಆಲ್ ಸೇಂಟ್ಸ್ ಚರ್ಚ್ ಅದಕ್ಕಿಂತ ಹಳೆಯದು. ಟ್ರೊಪನೆಲ್ ಅದಕ್ಕೊಂದು ಪ್ರಾರ್ಥನಾ ಕೋಣೆ ಸೇರಿಸಿದ. ಮುಂದೆ ಮನೆ ಹಾಳುಬಿದ್ದು, ಒಂದಷ್ಟು ಭಾಗ ಕುಸಿದೇ ಹೋಗಿತ್ತು. 1830ರ ದಶಕದಲ್ಲಿ ಯಾರೋ ಪುಣ್ಯಾತ್ಮರು ಅಳತೆ ಹಿಡಿದು ನಕ್ಷೆ ಬರೆದಿಟ್ಟಿದ್ದರಿಂದ ವಾಸ್ತುಶಿಲ್ಪಿ ಹೆರಾಲ್ಡ್ ಬ್ರೇಕ್ಸ್‌ಪಿಯರ್ 1905ರಿಂದಾಚೆಗೆ ಅದನ್ನು ಮತ್ತೆ ಎತ್ತಿ ನಿಲ್ಲಿಸಲು ಸಾಧ್ಯವಾಯಿತು. 1943ರಲ್ಲಿ ಮಾಲೀಕರು ಮನೆಯನ್ನು ನ್ಯಾಷನಲ್ ಟ್ರಸ್ಟ್‌ಗೆ ಕೊಟ್ಟರು. ಈ ಟ್ರಸ್ಟ್ ಸರ್ಕಾರಿ ಇಲಾಖೆಯಲ್ಲ. 1895ರಲ್ಲಿ ಹುಟ್ಟಿ, ಸದಸ್ಯರ ಚಂದಾ, ದೇಣಿಗೆ, ಟಿಕೆಟ್ ಹಣಗಳ ಮೇಲೆ ನಡೆಯುವ ಸಂಸ್ಥೆ.

ಚರ್ಚಿನ ಲೆಕ್ಕವೇ ಬೇರೆ. ಅದು ಇಂದಿಗೂ ಪ್ಯಾರಿಷ್ ಚರ್ಚು, ಅಂದರೆ ಊರವರು ಪ್ರಾರ್ಥನೆಗೆ ಸೇರುವ ಚರ್ಚು. ಇಂಥ ಚರ್ಚಿನ ಕಟ್ಟಡ ಕಾಗದದಲ್ಲಿ ಆ ಊರಿನ ಪಾದ್ರಿಯ ಹೆಸರಿನಲ್ಲಿರುತ್ತದೆ, ಆದರೆ ಅವರು ಅದನ್ನು ಮಾರುವಂತಿಲ್ಲ. ಬೆಳ್ಳಿ ಬಟ್ಟಲು, ಬೆಂಚು, ಗಂಟೆ ಮುಂತಾದ ಚರ ಸೊತ್ತು ವರ್ಷಕ್ಕೊಮ್ಮೆ ಚುನಾಯಿತರಾಗುವ ಇಬ್ಬರು ಚರ್ಚ್‌ವಾರ್ಡನ್‌ಗಳ ಸುಪರ್ದಿಯಲ್ಲಿರುತ್ತದೆ. ರಿಪೇರಿಯ ಹೊಣೆ ಪ್ಯಾರಿಷ್ ಚರ್ಚ್ ಕೌನ್ಸಿಲ್‌ನದು, ಅಂದರೆ ಊರಿನ ಕೆಲವು ಮಂದಿಯದು. ಹಿಂದೆ ಊರವರಿಂದ ಕಡ್ಡಾಯವಾಗಿ ಚರ್ಚ್ ತೆರಿಗೆ ಎತ್ತುತ್ತಿದ್ದರು. ಅದು 1868ರಲ್ಲೇ ನಿಂತುಹೋಯಿತು. ಇಂಗ್ಲೆಂಡಿನಲ್ಲಿ ಒಂದನೇ ದರ್ಜೆಯ ಸಂರಕ್ಷಿತ ಕಟ್ಟಡಗಳ ಪೈಕಿ ಹತ್ತಿರಹತ್ತಿರ ಅರ್ಧದಷ್ಟು ಇಂಥ ಚರ್ಚುಗಳೇ ಎಂಬುದನ್ನು ನೆನೆದರೆ ಈ ಏರ್ಪಾಡು ಎಷ್ಟು ತೆಳ್ಳಗಿನ ಆಧಾರದ ಮೇಲೆ ನಿಂತಿದೆ ಎಂದು ಗೊತ್ತಾಗುತ್ತದೆ.

ಈ ಕಟ್ಟಡಗಳನ್ನು ಕೆಡಿಸುವುದು ಮುಖ್ಯವಾಗಿ ನೀರು. 1955ರ ಕಾನೂನು ಬಂದಾಗಿನಿಂದ ಪ್ರತಿ ಐದು ವರ್ಷಕ್ಕೊಮ್ಮೆ ಅರ್ಹ ವಾಸ್ತುಶಿಲ್ಪಿ ಅಥವಾ ಸರ್ವೇಯರ್ ಚರ್ಚನ್ನು ತಪಾಸಣೆ ಮಾಡಲೇಬೇಕು. ವರದಿಯಲ್ಲಿ ಬಣ್ಣದ ಗಾಜು, ಕೆತ್ತನೆಗಳ ಸಂಗತಿ ಆಮೇಲೆ. ಮೊದಲು ಬರುವುದು ಮಳೆನೀರು ಹರಿಯುವ ಸೂರಿನ ದೋಣಿ ಮತ್ತು ಇಳಿಪೈಪು. ಶರತ್ಕಾಲದಲ್ಲಿ ಎಲೆ ಉದುರಿ ಮುಗಿದ ಮೇಲೆ ಒಮ್ಮೆ, ವಸಂತದಲ್ಲಿ ಇನ್ನೊಮ್ಮೆ ದೋಣಿಯ ಕಸ ತೆಗೆದು ಚೊಕ್ಕ ಮಾಡಬೇಕು. ಹಳೆಯ ಬೀಡುಕಬ್ಬಿಣದ ಪೈಪು ಬಿರಿಯುವುದು ಸಾಮಾನ್ಯವಾಗಿ ಹಿಂಬದಿಯಲ್ಲಿ, ಗೋಡೆಗೆ ತಾಗಿದ ಕಡೆ, ಏಕೆಂದರೆ ಅಲ್ಲಿಗೆ ಬಣ್ಣದ ಕುಂಚ ಹೋಗುವುದಿಲ್ಲ. ಮುಂದೆ ನಿಂತು ನೋಡಿದರೆ ಪೈಪು ಲಕಲಕ ಹೊಳೆಯುತ್ತಿರುತ್ತದೆ. ಕೈಗನ್ನಡಿ ಹಿಂದಕ್ಕೆ ಹಿಡಿದರೆ ಬಿರುಕು ಕಾಣುತ್ತದೆ. ಜಡಿಮಳೆಯಲ್ಲಿ ಕೊಡೆ ಹಿಡಿದು ಸುತ್ತು ಹಾಕಿದರೆ ಇನ್ನೂ ಬೇಗ ಗೊತ್ತಾಗುತ್ತದೆ. ಅಲ್ಲಿಂದ ಇಳಿದ ನೀರನ್ನು ಗೋಡೆ ಹೀರುತ್ತದೆ, ಗೋಡೆಯೊಳಗೆ ಹೂತಿರುವ ಓಕ್ ತೊಲೆಯ ತುದಿ ಒದ್ದೆಯಾಗುತ್ತದೆ, ಒದ್ದೆ ಓಕ್‌ಗೆ ಡೆತ್‌ವಾಚ್ ಎಂಬ ಕೊರೆಹುಳು ಹತ್ತುತ್ತದೆ. ಕೆಳಗಿನಿಂದ ನೋಡುವವರಿಗೆ ತೊಲೆ ಗಟ್ಟಿಯಾಗಿಯೇ ಇರುತ್ತದೆ, ಭಾರ ಹೊರುವ ತುದಿ ಮಾತ್ರ ಪುಡಿ.

ಚಾವಣಿಯ ಸೀಸದ ಹಾಳೆಯದು ಮತ್ತೊಂದು ತಲೆನೋವು. ಒಳ್ಳೆಯ ದಪ್ಪದ ಹಾಳೆ, ಅಂದರೆ ಕೆಲಸಗಾರರು ಕೋಡ್ 8 ಎನ್ನುವುದು, 3.55 ಮಿ.ಮೀ. ಇರುತ್ತದೆ, ಚದರ ಮೀಟರಿಗೆ 40 ಕಿಲೋ ತೂಗುತ್ತದೆ. 2 ಮೀಟರ್ ಉದ್ದದ ಹಾಳೆ 50 ಡಿಗ್ರಿ ಬಿಸಿಯೇರಿದರೆ ಸುಮಾರು 3 ಮಿ.ಮೀ. ಹಿಗ್ಗುತ್ತದೆ, ರಾತ್ರಿ ಮತ್ತೆ ಕುಗ್ಗುತ್ತದೆ. ಅದಕ್ಕೇ ಹಾಳೆಗಳನ್ನು ಚಿಕ್ಕದಾಗಿ ಕತ್ತರಿಸಿ, ಉರುಟು ಮರದ ಪಟ್ಟಿಯ ಮೇಲೆ ಮಡಚಿ, ಅಲುಗಾಡಲು ಜಾಗ ಬಿಟ್ಟು ಹಾಸಬೇಕು. ಖರ್ಚು ಉಳಿಯಲೆಂದು ಉದ್ದನೆಯ ಹಾಳೆ ಹಾಸಿ ಅಂಚಿಗೆಲ್ಲ ಮೊಳೆ ಹೊಡೆದರೆ ದಣಿದ ಲೋಹ ಬಿರಿಯುತ್ತದೆ, ಮೇಲೆ ಎಷ್ಟು ಡಾಂಬರು ಬಳಿದರೂ ನಿಲ್ಲುವುದಿಲ್ಲ. ಇದೆಲ್ಲ ಸರಿಯಾಗಿ ಮಾಡಿದ ಮೇಲೂ ಕಳ್ಳರ ಕಾಟ ಇದ್ದೇ ಇದೆ. ಒಂದೇ ರಾತ್ರಿಯಲ್ಲಿ ಸೀಸ ಸುಲಿದುಕೊಂಡು ಹೋಗುತ್ತಾರೆ. 2013ರ ಕಾನೂನು ಗುಜರಿಯವರು ಲೋಹಕ್ಕೆ ನಗದು ಕೊಡುವುದನ್ನು ನಿಷೇಧಿಸಿತು. ಆದರೂ ಹಲವು ಚರ್ಚುಗಳು ಸೀಸದ ಬದಲು ಲೇಪನವಿರುವ ಸ್ಟೇನ್‌ಲೆಸ್ ಸ್ಟೀಲ್ ಹಾಸಿಕೊಂಡಿವೆ. ನೋಡಲು ಅಷ್ಟು ಲಕ್ಷಣವಲ್ಲ, ಆದರೆ ಕದಿಯುವವರಿಲ್ಲ.

ಗೋಡೆಯ ಸಂದುಗಳಿಗೆ ಸಿಮೆಂಟ್ ತುಂಬಿಸುವುದು ಇಪ್ಪತ್ತನೇ ಶತಮಾನದ ದೊಡ್ಡ ತಪ್ಪು. ಆ ಸೀಮೆಯ ಸುಣ್ಣದ ಕಲ್ಲು ಮೆದು. ತೇವ ಸಂದಿನ ಸುಣ್ಣದ ಗಾರೆಯ ಮೂಲಕ ಆರಿ ಹೊರಹೋಗಬೇಕು. ಸಂದಿನಲ್ಲಿ ಸಿಮೆಂಟ್ ಕೂತರೆ ತೇವ ಕಲ್ಲಿನ ಮೂಲಕವೇ ಹೊರಡುತ್ತದೆ, ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ಕಲ್ಲಿನ ಮುಖ ಪದರಪದರವಾಗಿ ಉದುರುತ್ತದೆ. ಕೊನೆಗೆ ಕಲ್ಲು ಒಳಕ್ಕೆ ಸವೆದು ಸಿಮೆಂಟು ಮಾತ್ರ ಜೇನುಗೂಡಿನ ಹಾಗೆ ಎದ್ದು ನಿಂತಿರುತ್ತದೆ. ಒಂದು ಪಾಲು ಸುಣ್ಣಕ್ಕೆ ಸುಮಾರು ಮೂರು ಪಾಲು ಮರಳು, ತಾಪ 5 ಡಿಗ್ರಿಗಿಂತ ಕೆಳಗಿದ್ದರೆ ಕೆಲಸ ಬಂದ್, ಹೊಸ ಗಾರೆಗೆ ಒದ್ದೆ ಗೋಣಿತಾಟಿನ ಮುಸುಕು. ಇವಿಷ್ಟು ಗೊತ್ತಿರುವ ಗಾರೆಯವರು ಸಿಗುವುದೇ ಕಷ್ಟ.

ಕೆಲಸ ಶುರುಮಾಡುವ ಮುನ್ನ ಅನುಮತಿ ಬೇಕು. ಮೇನರ್ ಮನೆಯ ಕಿಟಕಿ ಬದಲಿಸಬೇಕಾದರೆ ಸ್ಥಳೀಯ ಆಡಳಿತಕ್ಕೆ ಅರ್ಜಿ. ಕೆಲವೇ ಹೆಜ್ಜೆ ಆಚೆಯ ಚರ್ಚಿನ ಕಿಟಕಿಗಾದರೆ ಡಯಾಸಿಸ್‌ನ, ಅಂದರೆ ಬಿಷಪ್ಪರ ಆಡಳಿತ ಪ್ರದೇಶದ, ನ್ಯಾಯಾಧಿಕಾರಿಯಿಂದ ಫ್ಯಾಕಲ್ಟಿ ಎಂಬ ಆದೇಶ ತರಬೇಕು. ದೋಣಿ ಚೊಕ್ಕ ಮಾಡುವಂಥ ಸಣ್ಣ ಕೆಲಸಕ್ಕೆ ಅನುಮತಿ ಬೇಡ. ಸ್ವಲ್ಪ ದೊಡ್ಡದಕ್ಕೆ ಬಿಷಪ್ಪರ ಕೈಕೆಳಗಿನ ಹಿರಿಯ ಪಾದ್ರಿಯಾದ ಆರ್ಚ್‌ಡೀಕನ್ ಬರೆದುಕೊಟ್ಟರೆ ಸಾಕು. ಚಾವಣಿಯಲ್ಲಿ ಬಾವಲಿ ಇದ್ದರಂತೂ ಅವು ಎಲ್ಲರಿಗಿಂತ ದೊಡ್ಡ ಹಕ್ಕುದಾರರು. ಕಾನೂನಿನ ರಕ್ಷಣೆ ಇರುವುದರಿಂದ ಅವುಗಳ ಗೂಡು ಮುಚ್ಚುವಂತಿಲ್ಲ, ಅವು ಮರಿಹಾಕುವ ಬೇಸಿಗೆಯಲ್ಲಿ ಅಲ್ಲಿ ಕೆಲಸ ಮಾಡುವಂತಿಲ್ಲ. ಬೇಸಿಗೆ ಬಿಟ್ಟರೆ ಚಳಿ, ಚಳಿಯಲ್ಲಿ ಗಾರೆ ಕಟ್ಟುವುದಿಲ್ಲ. ಕೆಲಸಕ್ಕೆ ವರ್ಷದಲ್ಲಿ ಎಷ್ಟು ವಾರ ಉಳಿಯಿತೆಂದು ಓದುಗರೇ ಎಣಿಸಿಕೊಳ್ಳಲಿ.

ಸರ್ಕಾರದಿಂದ ಏನೂ ಇಲ್ಲವೆಂದಲ್ಲ. ರಿಪೇರಿಯ ಮೇಲೆ ತೆತ್ತ ಶೇ 20ರ ವ್ಯಾಟ್ ಹಿಂತಿರುಗಿಸುವ ಯೋಜನೆಯೊಂದಿತ್ತು. 2025ರಲ್ಲಿ ಅದಕ್ಕೂ ಒಂದು ಚರ್ಚಿಗೆ ವರ್ಷಕ್ಕೆ 25,000 ಪೌಂಡಿನ ಮಿತಿ ಹಾಕಿದರು. ಪೂಜೆ ನಿಂತುಹೋದ ಚರ್ಚುಗಳಲ್ಲಿ 350ಕ್ಕೂ ಹೆಚ್ಚನ್ನು 1969ರಲ್ಲಿ ಆರಂಭವಾದ ನಿಧಿಯೊಂದು ನೋಡಿಕೊಳ್ಳುತ್ತಿದೆ, ಅದರಲ್ಲಿ ಸರ್ಕಾರದ ಪಾಲೂ ಇದೆ. ಪ್ರಾರ್ಥನೆ ನಡೆಯುತ್ತಿರುವ ಹಳ್ಳಿ ಚರ್ಚಿಗೆ ಆ ಭಾಗ್ಯವಿಲ್ಲ.

ಕೊನೆಯದಾಗಿ, ಇಂಗ್ಲೆಂಡಿನ ಹಳ್ಳಿಗಳಲ್ಲಿ ಮನೆ ಕೊಳ್ಳುತ್ತಿರುವ ನಮ್ಮ ಕನ್ನಡಿಗರಿಗೆ ತಿಳಿದಿರಬೇಕಾದ ಒಂದು ಸಂಗತಿ. ಚರ್ಚಿನಲ್ಲಿ ಜನ ಕೂರುವ ಭಾಗದ ರಿಪೇರಿ ಊರವರದು, ಪೂರ್ವ ದಿಕ್ಕಿನ ಪೂಜಾಸ್ಥಾನದ (ಚಾನ್ಸೆಲ್) ರಿಪೇರಿ ಆ ಊರಿನ ದಶಾಂಶ, ಅಂದರೆ ಬೆಳೆಯ ಹತ್ತನೇ ಒಂದು ಪಾಲು, ಪಡೆಯುವ ರೆಕ್ಟರ್‌ನದು ಎಂಬುದು ಮಧ್ಯಯುಗದ ಕಟ್ಟಳೆ. ಎಷ್ಟೋ ಕಡೆ ಆ ರೆಕ್ಟರ್ ಮಠವೇ ಆಗಿತ್ತು. ಎಂಟನೇ ಹೆನ್ರಿ ಮಠಗಳನ್ನು ಮುಚ್ಚಿಸಿದ ಮೇಲೆ ಆ ಹಕ್ಕು ಜಮೀನ್ದಾರರ ಕೈಸೇರಿತು, ಹೊಣೆಯೂ ಜಮೀನಿಗೆ ಅಂಟಿಕೊಂಡೇ ಹೋಯಿತು. ವಾರಿಕ್‌ಶೈರಿನ ಆಸ್ಟನ್ ಕ್ಯಾಂಟ್ಲೋದಲ್ಲಿ ಒಂದು ಹೊಲಮನೆಯ ಮಾಲೀಕರು 2003ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿ ಸೋತರು. 2007ರಲ್ಲಿ ಅವರ ಮೇಲೆ ಬಿದ್ದ ರಿಪೇರಿ ಬಾಬ್ತು ಸುಮಾರು 1,87,000 ಪೌಂಡು, ವ್ಯಾಟ್ ಬೇರೆ. 13 ಅಕ್ಟೋಬರ್ 2013ರಿಂದಾಚೆಗೆ ಹಣ ಕೊಟ್ಟು ಕೊಂಡವರಿಗೆ, ಕೊಳ್ಳುವ ಹೊತ್ತಿಗೆ ಭೂದಾಖಲೆಯಲ್ಲಿ ನೋಂದಾಯಿಸಿರದ ಹೊಣೆ ಅಂಟುವುದಿಲ್ಲ. ಆದರೆ ಅಂದಿನಿಂದ ಮಾರಾಟವೇ ಆಗದ, ಉಯಿಲು ಅಥವಾ ದಾನದ ಮೂಲಕ ಮಾತ್ರ ಕೈಬದಲಾದ ಆಸ್ತಿಗೆ ಈ ವಿನಾಯಿತಿ ಇಲ್ಲ. ಮುಂಗಡ ಕೊಡುವ ಮುಂಚೆ ಭೂದಾಖಲೆಯಲ್ಲಿ ಚಾನ್ಸೆಲ್ ರಿಪೇರಿಯ ನಮೂದು ಇದೆಯೇ, 2013ರ ಬಳಿಕ ಆ ಆಸ್ತಿ ಒಮ್ಮೆಯಾದರೂ ಕ್ರಯವಾಗಿದೆಯೇ ಎಂದು ಸಾಲಿಸಿಟರ್‌ಗೆ ಬರಹದಲ್ಲಿ ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ.

— ಇಬ್ಬರು ಓದುಗರು, ವಿಲ್ಟ್‌ಶೈರ್