ಆ ಬಾಕ್ಸಿನ ಸೀಲ್ ಒಡಿ, ಪುಟ್ಟಿ

ಪುಟ್ಟಿ,

ನಿನ್ನ ಮೆಸೇಜ್ ನೋಡ್ದೆ. ಪಾರ್ಸೆಲ್ ಹ್ಯೂಸ್ಟನ್ನಿಗೆ ಬಂತು ಅಂತ ಖುಷಿ ಆಯ್ತು. 1957ರ ಶೆವಿ (ಶೆವರ್ಲೆ) ಬೆಲ್ ಏರ್ ಕಾರಿನ ಪ್ಲಾಸ್ಟಿಕ್ ಮಾಡೆಲ್ ಕಿಟ್ಟು, ಹಳೇ ಎಎಂಟಿ ಕಂಪನಿ ಬಾಕ್ಸು, ಸೀಲ್ ಕೂಡ ಹೋಗಿಲ್ಲ, ಆನ್‌ಲೈನಲ್ಲಿ ಯಾರೋ ಇದಕ್ಕೆ ಸಿಕ್ಕಾಪಟ್ಟೆ ರೇಟ್ ಹಾಕಿದಾರೆ, ಒಡೀಲಾ ಹಾಗೇ ಇಡ್ಲಾ ಅಂತ ಕೇಳಿದೀಯ. ಒಡಿ. ಇವತ್ತೇ ಒಡಿ. ಯಾಕೆ ಅಂತ ಫೋನಲ್ಲಿ ಹೇಳೋಕೆ ಹೋದ್ರೆ ನಿನಗೆ ಮೀಟಿಂಗ್ ಬರುತ್ತೆ ನನಗೆ ಕುಕ್ಕರ್ ಕೂಗುತ್ತೆ, ಅದಕ್ಕೆ ಕೂತು ಬರೀತಿದೀನಿ, ನಿಧಾನಕ್ಕೆ ಓದು.

ಮೊದಲನೇದು, ಸೀಲ್ ಇದ್ರೆ ಒಳಗಿರೋದು ಸೇಫ್ ಅನ್ನೋದೇ ಸರಿಯಲ್ಲ. ಆ ಕಾಲದ ಕಿಟ್ಟಲ್ಲಿ ಟೈರು ಮೆತ್ತನೆ ವಿನೈಲು, ಬಾಡಿ ಗಾಜು ಎಲ್ಲಾ ಪಾಲಿಸ್ಟೈರೀನು. ವಿನೈಲ್ ಮೆತ್ತಗಿರ್ಲಿ ಅಂತ ಅದಕ್ಕೆ ಪ್ಲಾಸ್ಟಿಸೈಜರ್ ಸೇರಿಸಿರ್ತಾರೆ, ಅದು ವರ್ಷಗಟ್ಟಲೆ ಮೆಲ್ಲಗೆ ಹೊರಗೆ ಒಸರ್ತಾ ಇರುತ್ತೆ, ಪಕ್ಕದಲ್ಲಿ ಸ್ಟೈರೀನ್ ತಾಗಿದ್ರೆ ಅದನ್ನ ಕರಗಿಸಿಬಿಡುತ್ತೆ. ಟೈರ್ ಬರ್ನ್ ಅಂತಾರೆ ಹಾಬಿಯವ್ರು. ಟೊಲೀಡೋ ಸ್ವಾಪ್ ಮೀಟಲ್ಲಿ, ಅದೇ ಹಳೇ ಕಿಟ್ ಕೊಳ್ಳೋ ಮಾರೋ ಸಂತೇಲಿ, ಒಬ್ಬರ ಟೇಬಲ್ ಮೇಲೆ ನೋಡಿದೀನಿ, ಚೆಂದದ ಬಾಕ್ಸು, ಮೂಲೆ ಕೂಡ ಮುರಿದಿಲ್ಲ, ಮುಚ್ಚಳ ತೆಗೆದ್ರೆ ಮುಂದಿನ ಗಾಜಿನ ಮಧ್ಯದಲ್ಲಿ ಟೈರಿನ ಗುರುತು ಅಚ್ಚು ಒತ್ತಿದ ಹಾಗೆ ಕೂತಿದೆ, ಟ್ರೆಡ್ಡಿನ ಒಂದೊಂದು ಗೆರೆನೂ ಎಣಿಸಬಹುದಿತ್ತು. ಡೆಕಾಲ್, ಅಂದ್ರೆ ಕಾರಿಗೆ ಅಂಟಿಸೋ ಚಿತ್ರದ ಹಾಳೆ, ಹಳದಿ ಆಗಿತ್ತು. ಅದನ್ನ ಯಾರೋ ಅಷ್ಟು ವರ್ಷ ಜೋಪಾನ ಮಾಡಿ ಇಟ್ಟಿದ್ರು ಕಣೇ, ಹೊಟ್ಟೆ ಉರಿಯುತ್ತೆ. ಹಾಗಾಗಿ ನೀನು ಕಟ್ಟೋದು ಯಾವಾಗಾದ್ರೂ ಆಗ್ಲಿ, ಟೈರ್ ನಾಲ್ಕೂ ಎತ್ತಿ ಬೇರೆ ಕವರಲ್ಲಿ ಹಾಕು.

ಎರಡನೇದು, ಇವು ಇಡೋಕೆ ಅಂತ ಹುಟ್ಟಿದ ವಸ್ತುನೇ ಅಲ್ಲ. ಎಎಂಟಿ ಅಂದ್ರೆ ಅಲ್ಯುಮಿನಮ್ ಮಾಡೆಲ್ ಟಾಯ್ಸ್, 1948ರಲ್ಲಿ ಇಲ್ಲೇ ಮಿಶಿಗನ್ನಿನ ನಮ್ಮ ಟ್ರಾಯ್‌ನಲ್ಲಿ ವೆಸ್ಟ್ ಗ್ಯಾಲೊಗ್ಲಿ ಅನ್ನೋ ಲಾಯರ್ ಒಬ್ಬರು ಶುರು ಮಾಡಿದ್ದು. ಫೋರ್ಡ್ ಡೀಲರುಗಳಿಗೆ ಪುಟ್ಟ ಕಾರ್ ಮಾಡಿಕೊಡ್ತಿದ್ರು, ಪ್ರೋಮೋ ಅಂತ ಅದರ ಹೆಸರು. ಹೊಸ ವರ್ಷದ ಮಾಡೆಲ್ ಶೋರೂಮಿಗೆ ಬಂದಾಗ ಇದೂ ಬರೋದು, ಅಪ್ಪ ಕಾರ್ ನೋಡೋಕೆ ಬಂದ್ರೆ ಮಗು ಕೈಗೆ ಇದು. ಮೊದಮೊದಲು ಅಲ್ಯುಮಿನಿಯಂ, ಆಮೇಲೆ ಅಸಿಟೇಟ್ ಪ್ಲಾಸ್ಟಿಕ್, ಅದು ಕಾಲ ಕಳೆದ ಹಾಗೆ ಡೊಂಕಾಗುತ್ತೆ, ಈಗ ಸಿಗೋ 50ರ ದಶಕದ ಪ್ರೋಮೋಗಳಲ್ಲಿ ಎಷ್ಟೋ ಕಾರುಗಳ ಬೆನ್ನು ಬಾಗಿರೋದು ಇದಕ್ಕೇ. 1958ರಲ್ಲಿ ಅದೇ ಕಾರನ್ನ ಬಿಡಿಬಿಡಿಯಾಗಿ ಬಾಕ್ಸಿಗೆ ಹಾಕಿ ತ್ರೀ ಇನ್ ಒನ್ ಅಂತ ಮಾರೋಕೆ ಶುರು ಮಾಡಿದ್ರು. ಒಂದು ಬಾಕ್ಸು, ಮೂರು ದಾರಿ: ಫ್ಯಾಕ್ಟರಿಯಿಂದ ಬಂದ ಹಾಗೇ ಕಟ್ಟು, ಕಸ್ಟಮ್ ಮಾಡು, ಇಲ್ಲಾ ರೇಸ್ ಕಾರ್ ಮಾಡು. ಪಾಕೆಟ್ ಮನಿಯಲ್ಲಿ ಕೊಂಡು ವಾರದ ಕೊನೇಲಿ ಅಂಟಿಸಿ ಮುಗಿಸ್ಲಿ ಅಂತ ಮಾಡಿದ್ದು. ಅದನ್ನ ಕಪಾಟಲ್ಲಿ ಪ್ಲಾಸ್ಟಿಕ್ ಸುತ್ತಿ ಇಟ್ರೆ ಯಾರಿಗೆ ಏನು ಸಿಕ್ತು ಹೇಳು.

ಆದ್ರೆ ಎಲ್ಲಾ ಬಾಕ್ಸಿಗೂ ಇದೇ ಮಾತು ಅಂತ ನಾನು ಹೇಳಲ್ಲ. 60ರ ದಶಕದಲ್ಲಿ ಆ್ಯನ್ಯುಯಲ್ ಕಿಟ್ ಅಂತ ಬರ್ತಿತ್ತು, ಆ ವರ್ಷದ ಕಾರು ಆ ವರ್ಷಕ್ಕೆ. ಮುಂದಿನ ವರ್ಷ ಅಸಲಿ ಕಾರಿನ ಗ್ರಿಲ್ಲು ದೀಪ ಬದಲಾದ್ರೆ ಇವರು ಅದೇ ಸ್ಟೀಲ್ ಮೋಲ್ಡನ್ನೇ ಕೆತ್ತಿ ಬದಲಾಯಿಸ್ತಿದ್ರು, ಹೊಸದು ಮಾಡೋಕೆ ಅಷ್ಟು ಖರ್ಚು. ಹಾಗಾಗಿ ಹಳೇ ವರ್ಷದ ರೂಪ ಶಾಶ್ವತವಾಗಿ ಹೋಯ್ತು, ವಾಪಸ್ ಅಚ್ಚು ಹಾಕೋ ಹಾಗೇ ಇಲ್ಲ. ಅಂಥದ್ದು ಸಿಕ್ಕಿದ್ರೆ ನಾನೂ ಯೋಚಿಸ್ತೀನಿ, ಟೈರ್ ಮಾತ್ರ ತೆಗೆದು ಇಡ್ತೀನಿ. 57ರ ಶೆವಿ ಹಾಗಲ್ಲ, ಅದನ್ನ ಮತ್ತೆ ಮತ್ತೆ ಮಾರುಕಟ್ಟೆಗೆ ಬಿಟ್ಟಿದಾರೆ, ನೀನು ಒಂದು ಕಟ್ಟಿದ್ರೆ ಜಗತ್ತಿಗೆ ಏನೂ ಕಮ್ಮಿ ಆಗಲ್ಲ. ಇನ್ನೊಂದು ನೆನಪಾಯ್ತು, ಹಾಲಲ್ಲಿ ಶೋಕೇಸಿನ ಮೇಲಿನ ತಟ್ಟೇಲಿ ಕಂಚಿನ ಬಣ್ಣದ್ದು ಒಂದಿದೆಯಲ್ಲ, ಕ್ರೈಸ್ಲರ್ ಟರ್ಬೈನ್ ಕಾರು, ಡೆಟ್ರಾಯ್ಟಿನ ಜೋಹಾನ್ ಕಂಪನಿ ಕಿಟ್ಟು. ಅಸಲಿ ಕಾರು ಒಟ್ಟು ಮಾಡಿದ್ದೇ 55, ಪ್ರಯೋಗ ಮುಗಿದ ಮೇಲೆ ಬಹುಪಾಲು ಕಂಪನಿಯವ್ರೇ ಪುಡಿ ಮಾಡಿಸಿದ್ರು, ಉಳಿದಿದ್ದು 9. ಪ್ಲಾಸ್ಟಿಕ್ಕಲ್ಲಿ ಮಾತ್ರ ಎಷ್ಟು ಮನೆ ಶೆಲ್ಫಲ್ಲಿ ಇದೆಯೋ. ಇಂಜಿನ್ ಬೇ ಒಳಗೆ ಬಗ್ಗಿ ನೋಡು ಮುಂದಿನ ಸಲ ಬಂದಾಗ, ಪಿಸ್ಟನ್ ಇಲ್ಲದ ಕಾರು ಹೆಂಗಿತ್ತು ಅಂತ ಅರ್ಥ ಆಗೋದು ಅದನ್ನ ಕಟ್ಟಿದವರಿಗೇ.

ನಾನು ದಿನಾ ಆಫೀಸಲ್ಲಿ ಮೋಲ್ಡಿನ ಮಧ್ಯಾನೇ ಇರೋಳು, ಅದಕ್ಕೇ ಇರಬೇಕು ಕಿಟ್ ಕೈಗೆ ಸಿಕ್ಕಿದ್ರೆ ನಾನು ಮೊದಲು ನೋಡೋದು ಬಾಡಿ. ಶೆವಿ ಬಾಡಿನ ಬೆಳಕಿಗೆ ಹಿಡಿ. ರೂಫು, ಎರಡು ಪಕ್ಕ, ಹಿಂದೆ ಮುಂದೆ, ಎಲ್ಲಾ ಒಂದೇ ಪೀಸು. 50ರ ದಶಕದ ಎಷ್ಟೋ ಕಿಟ್ಟಲ್ಲಿ ಬಾಡಿನೇ ನಾಲ್ಕೈದು ತುಂಡಾಗಿ ಬರ್ತಿತ್ತು, ಅಂಟಿಸಿದ್ರೆ ಎಲ್ಲೋ ಒಂದು ಕಡೆ ಸಂದು. ಎರಡೇ ಪಾರ್ಟಿನ ಅಚ್ಚಾದ್ರೆ ಇಂಥ ಬಾಡಿ ಹೊರಗೆ ಬರೋಲ್ಲ, ಪಕ್ಕದಲ್ಲಿರೋ ಉಬ್ಬು ತಗ್ಗು ಸಿಕ್ಕಿಹಾಕಿಕೊಳ್ಳುತ್ತೆ. ಪಕ್ಕದಿಂದ ಜಾರಿ ಬಂದು ಕೂತು, ಪ್ಲಾಸ್ಟಿಕ್ ಗಟ್ಟಿಯಾದ ಮೇಲೆ ಜಾರಿ ಹಿಂದೆ ಹೋಗೋ ಸ್ಲೈಡ್ ಮೋಲ್ಡ್ ಬಂದ ಮೇಲೇ ಇದು ಆಗಿದ್ದು. ಎಎಂಟಿಯಲ್ಲಿದ್ದು ಆಮೇಲೆ ಎಂಪಿಸಿ ಅನ್ನೋ ಕಿಟ್ ಕಂಪನಿ ಶುರು ಮಾಡಿದ ಜಾರ್ಜ್ ಟೊಟೆಫ್ ಹೆಸರು ಈ ಮಾತಲ್ಲಿ ಯಾವಾಗ್ಲೂ ಬರುತ್ತೆ. ಆ ಸ್ಲೈಡುಗಳು ಒಂದಕ್ಕೊಂದು ಸೇರಿದ ಜಾಗದಲ್ಲಿ ಕೂದಲೆಳೆಯಷ್ಟು ಗೆರೆ ಉಳಿದಿರುತ್ತೆ, ಫೆಂಡರ್ ಮೇಲೆ, ರೂಫ್ ಕಂಬದ ಹತ್ತಿರ. ಅಸಲಿ ಕಾರಲ್ಲಿ ಆ ಗೆರೆ ಇಲ್ಲ. 600ರ ಸ್ಯಾಂಡ್ ಪೇಪರ್ ನೀರಲ್ಲಿ ಅದ್ದಿ ಮೆಲ್ಲಗೆ ಉಜ್ಜು, ಬೆರಳಿಗೆ ಗೊತ್ತಾಗುತ್ತೆ ಹೋಯ್ತು ಅಂತ, ಕಣ್ಣಿಗಿಂತ ಬೆರಳೇ ನಂಬಿಕೆ. ಅದಕ್ಕೂ ಮುಂಚೆ ಪಾತ್ರೆ ಸೋಪಲ್ಲಿ ಎಲ್ಲಾ ಪಾರ್ಟ್ ತೊಳಿ, ಅಚ್ಚಿಂದ ಬಿಡಿಸೋಕೆ ಹಚ್ಚಿದ ಎಣ್ಣೆ ಜಿಡ್ಡು ಉಳಿದಿದ್ರೆ ಪೇಂಟ್ ಹಿಡಿಯಲ್ಲ. ಕ್ರೋಮ್ ಪಾರ್ಟ್ ಮಾತ್ರ ಬಿಟ್ಟು ತೊಳಿ.

ಇನ್ನೊಂದು ವಿಷಯ ನಿನಗೆ ಹೇಳಲೇಬೇಕು. ಜನರಲ್ ಮೋಟರ್ಸಿನವ್ರು 1930ರಿಂದ 1968ರವರೆಗೆ ಫಿಶರ್ ಬಾಡಿ ಕ್ರಾಫ್ಟ್ಸ್‌ಮನ್ಸ್ ಗಿಲ್ಡ್ ಅಂತ ಸ್ಪರ್ಧೆ ನಡೆಸ್ತಿದ್ರು, ಮನೇಲಿ ಕೂತು ಮಾಡೆಲ್ ಮಾಡಿ ಕಳ್ಸೋದು, ಗೆದ್ದವ್ರಿಗೆ ಕಾಲೇಜ್ ಸ್ಕಾಲರ್‌ಶಿಪ್. 1947ರಲ್ಲಿ ಗೆದ್ದ ಚಕ್ ಜೋರ್ಡನ್ ಮುಂದೆ ಜಿಎಮ್ ಡಿಸೈನಿಗೇ ಮುಖ್ಯಸ್ಥರಾದ್ರು. ಸೇರೋಕೆ ಅವಕಾಶ ಇದ್ದಿದ್ದು ಹುಡುಗರಿಗೆ ಮಾತ್ರ. ಅಷ್ಟೂ ವರ್ಷ. ಮನೇಲಿ ಅಣ್ಣನ ಪಕ್ಕದಲ್ಲೇ ಕೂತು ಅವನಿಗಿಂತ ಚೆನ್ನಾಗಿ ಮರ ಕೆತ್ತೋ ತಂಗಿ ಎಷ್ಟು ಜನ ಇದ್ರೋ, ಅವರ ಹೆಸರು ಯಾವ ಪಟ್ಟೀಲೂ ಇಲ್ಲ. ಅದೇ ಕಂಪನಿಯಲ್ಲಿ 50ರ ದಶಕದಲ್ಲಿ ಡಿಸೈನ್ ಮುಖ್ಯಸ್ಥರಾಗಿದ್ದ ಹಾರ್ಲಿ ಅರ್ಲ್ ಒಂದಷ್ಟು ಹೆಣ್ಣುಮಕ್ಕಳನ್ನ ಡಿಸೈನರ್ ಆಗಿ ತಗೊಂಡ್ರು, ಆದ್ರೆ ಕೆಲಸ ಕೊಟ್ಟಿದ್ದು ಹೆಚ್ಚಾಗಿ ಸೀಟು, ಬಟ್ಟೆ, ಒಳಗಿನ ಬಣ್ಣ. ಅವರಲ್ಲಿ ರೂತ್ ಗ್ಲೆನ್ನಿ 1958ರ ಕಾರ್ವೆಟ್ ಸ್ಪೋರ್ಟ್ಸ್ ಕಾರ್ ಒಂದಕ್ಕೆ ನಾಲ್ಕು ಋತುವಿಗೆ ನಾಲ್ಕು ಥರ ಸೀಟ್ ಕವರ್ ಮಾಡಿದ್ರು. ನಿನ್ನ ಶೆವಿಯ ಒಳಗೆ ಸೀಟಿಗೆ ಪೇಂಟ್ ಮಾಡುವಾಗ ಇದನ್ನ ನೆನಪು ಮಾಡ್ಕೋ, ಒಳಗಡೆ ಕಾಣಲ್ಲ ಬಿಡು ಅಂತ ಒಂದೇ ಬಣ್ಣ ಬಳಿದು ಮುಚ್ಚಬೇಡ. ಸ್ವಾಪ್ ಮೀಟಲ್ಲಿ ಈಗ್ಲೂ ಟೇಬಲ್ ಹಿಂದೆ ಹೆಂಗಸರು ಕಮ್ಮಿನೇ, ಅದಕ್ಕೇ ನೀನು ಕಟ್ಟಿದ್ದನ್ನ ತಗೊಂಡು ಟೊಲೀಡೋದಲ್ಲಿ ನಡೆಯೋ ಮಾಡೆಲ್ ಕಾರ್ ಪ್ರದರ್ಶನ ಎನ್‌ಎನ್‌ಎಲ್‌ಗೆ ನನ್ ಜೊತೆ ಬರಬೇಕು ಅಂತ ನನ್ನಾಸೆ. ಅಲ್ಲಿ ಸ್ಪರ್ಧೆಯ ಥರ ಜಡ್ಜು ಕೂತು ಮಾರ್ಕ್ ಹಾಕಲ್ಲ, ತಂದು ಇಡೋದು, ನೋಡೋದು, ಮಾತಾಡೋದು.

ಈಗ ಇಂಜಿನ್. ಅವಸರ ಮಾಡಬೇಡ ಇಲ್ಲಿ. 57ರಲ್ಲಿ 283 ಕ್ಯೂಬಿಕ್ ಇಂಚಿನ ವಿ8, ಅಂದ್ರೆ ಎಂಟು ಸಿಲಿಂಡರಿನ ಇಂಜಿನ್ ಬಂತು, ಅದಕ್ಕೆ ಬಣ್ಣ ಕಿತ್ತಳೆ. ಬ್ಲಾಕಿನ ಎರಡು ಅರ್ಧ ಸೇರಿಸಿ ಸಂದಿಗೆ ತೆಳು ಸಿಮೆಂಟ್ (ಮಾಡೆಲ್ ಅಂಟು) ಒಂದು ಹನಿ ಮುಟ್ಟಿಸು, ಅದು ತಾನೇ ಹರಿದು ಒಳಗೆ ಹೋಗುತ್ತೆ, ಪ್ಲಾಸ್ಟಿಕ್ಕನ್ನ ಚೂರು ಕರಗಿಸಿ ಎರಡನ್ನೂ ಬೆಸೆಯುತ್ತೆ, ಒಣಗೋವರೆಗೂ ಮುಟ್ಟಬೇಡ. ಕಿಟ್ಟಲ್ಲಿ ಸ್ಪಾರ್ಕ್ ಪ್ಲಗ್ ವೈರ್ ಕೊಟ್ಟಿರಲ್ಲ, ಅದನ್ನ ನಾವೇ ಹಾಕೋದು. ಅಸಲಿ ವೈರ್ 7 ಮಿಲಿಮೀಟರ್ ದಪ್ಪ, ಕಿಟ್ಟು ಅಸಲಿ ಕಾರಿನ 25ರಲ್ಲಿ ಒಂದು ಪಾಲು ಅಳತೆ, ಅದಕ್ಕೆ 25ರಿಂದ ಭಾಗಿಸು, 0.28 ಆಗುತ್ತೆ, ನಿನಗೆ ಕಳ್ಸಿರೋ ಕಪ್ಪು ವೈರ್ ಸುರುಳಿ ಅದಕ್ಕೇ. ಎಲ್ಲಾ ಪ್ಲಗ್ಗಿಗೂ ಕರೆಂಟ್ ಹಂಚೋ ಡಿಸ್ಟ್ರಿಬ್ಯೂಟರ್ ಇಂಜಿನ್ನಿನ ಹಿಂದೆ ಇರುತ್ತೆ, ಅದರ ತಲೆಗೆ ಪಿನ್ ವೈಸಲ್ಲಿ (ಕೈಯಲ್ಲಿ ತಿರುಗಿಸೋ ಪುಟ್ಟ ಡ್ರಿಲ್) ಸಣ್ಣ ತೂತು ಸುತ್ತಲೂ 8, ಮಧ್ಯದಲ್ಲಿ ಕಾಯಿಲ್ ವೈರಿಗೆ 1. ಡ್ರೈವರ್ ಕಡೆ ಸಿಲಿಂಡರು ಮುಂದಿನಿಂದ 1, 3, 5, 7, ಆ ಕಡೆ 2, 4, 6, 8. ಫೈರಿಂಗ್ ಆರ್ಡರ್, ಅಂದ್ರೆ ಸಿಲಿಂಡರುಗಳು ಕಿಡಿ ಹೊತ್ತೋ ಸರದಿ, 1-8-4-3-6-5-7-2, ಗಡಿಯಾರದ ಮುಳ್ಳು ತಿರುಗೋ ದಿಕ್ಕಲ್ಲೇ. ಬಾನೆಟ್ ಮುಚ್ಚಿದ್ರೆ ಯಾರೂ ನೋಡಲ್ಲ, ನಿಜ. ಆದ್ರೂ ಸರಿಯಾಗಿ ಹಾಕು. ಒಂದೊಂದು ವೈರ್ ಎಲ್ಲಿಂದ ಹೊರಟು ಎಲ್ಲಿ ಸೇರುತ್ತೆ ಅಂತ ಕೈಯಲ್ಲಿ ಹಾಕಿದ ಮೇಲೆ, ಆ ಇಂಜಿನ್ ನಿನ್ನ ತಲೇಲಿ ಓಡೋಕೆ ಶುರು ಆಗುತ್ತೆ, ಯಾವ ವಿಡಿಯೋ ನೋಡಿದ್ರೂ ಅದು ಬರಲ್ಲ. ಸೀಲ್ ಒಡಿ ಅಂತ ನಾನು ಇಷ್ಟು ಹಠ ಮಾಡ್ತಿರೋದೇ ಇದಕ್ಕೆ.

ಪೇಂಟಿಗೆ ಅಲ್ಲಿನ ಹವೆ ನೋಡ್ಕೊಂಡು ಮಾಡು. ಹ್ಯೂಸ್ಟನ್ ತೇವ ಜಾಸ್ತಿ, ಅಂಥ ದಿನ ಲ್ಯಾಕರ್ ಸ್ಪ್ರೇ ಮಾಡಿದ್ರೆ ಮೇಲೆ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತೆ, ಒಣ ಹವೆ ಇರೋ ಬೆಳಿಗ್ಗೆ ಕಾಯಿ. ಕಿಟಕಿ ತೆಗೆದಿರ್ಲಿ, ಮಾಸ್ಕ್ ಹಾಕು. ಪಕ್ಕದ ಕ್ರೋಮ್ ಪಟ್ಟಿಗೆಲ್ಲ ಬೇರ್ ಮೆಟಲ್ ಫಾಯಿಲ್, ಹಿಂದೆ ಅಂಟಿರೋ ತೆಳು ಲೋಹದ ಹಾಳೆ, ಕಳ್ಸಿದೀನಿ, ಅಂಟಿಸಿ ಟೂತ್‌ಪಿಕ್ಕಲ್ಲಿ ಒತ್ತಿ ಹೊಸ ಬ್ಲೇಡಲ್ಲಿ ಅಂಚು ಹಿಡಿದು ಕೊಯ್ದು ಉಳಿದಿದ್ದು ತೆಗಿ. ಬ್ಲೇಡ್ ಮಾತ್ರ ಹೊಸದೇ ಆಗಿರಬೇಕು, ಇಲ್ದಿದ್ರೆ ಫಾಯಿಲ್ ಹರಿಯುತ್ತೆ. ಬೆಲ್ ಏರಲ್ಲಿ ಗ್ರಿಲ್ಲು ಚಿನ್ನದ ಬಣ್ಣ, ವಿ8 ಆದ್ರೆ ಬಾನೆಟ್ ಮೇಲಿನ ವಿ ಕೂಡ ಚಿನ್ನದ್ದೇ, ಕಿಟ್ಟಲ್ಲಿ ಎಲ್ಲಾ ಬೆಳ್ಳಿ ಬರುತ್ತೆ, ಅದರ ಮೇಲೆ ಕ್ಲಿಯರ್ ಯೆಲ್ಲೋ ತೆಳ್ಳಗೆ ಹಚ್ಚಿದ್ರೆ ಚಿನ್ನ ಆಗುತ್ತೆ. ಕಾರಿನ ಹಿಂಭಾಗದಲ್ಲಿ ಎದ್ದು ನಿಂತಿರೋ ಎಡಗಡೆ ರೆಕ್ಕೆಯ ತುದೀಲಿ ಕ್ರೋಮ್ ಹಿಂದೆ ಪೆಟ್ರೋಲ್ ಮುಚ್ಚಳ ಬಚ್ಚಿಟ್ಟಿದ್ರು ಆ ಕಾರಲ್ಲಿ, ಆ ಜಾಗದಲ್ಲಿ ಸಣ್ಣ ಗೆರೆ ಕೊರೆದು ತೋರಿಸು, ಗೊತ್ತಿದ್ದವ್ರು ನೋಡಿದ ತಕ್ಷಣ ಹಿಡೀತಾರೆ. ಗಾಜಿಗೆ ಸೂಪರ್ ಗ್ಲೂ ಬೇಡವೇ ಬೇಡ, ಮಂಜು ಹಿಡಿದ ಹಾಗಾಗುತ್ತೆ, ಬಿಳಿ ಗಮ್ ಸಾಕು.

ಬಣ್ಣ ಯಾವುದು ಅಂತ ನೀನೇ ನಿರ್ಧಾರ ಮಾಡು. ನಂಗೆ ಕೇಳಿದ್ರೆ ಬಾಡಿ ಟ್ರಾಪಿಕಲ್ ಟರ್ಕಾಯ್ಸ್, ರೂಫ್ ಇಂಡಿಯಾ ಐವರಿ. ಹೆಸರು ನಾನು ಸೇರಿಸಿದ್ದಲ್ಲ ಕಣೇ, ಶೆವರ್ಲೆಯವರ ಬಣ್ಣದ ಪಟ್ಟೀಲಿ ಆ ಕಾಲದಲ್ಲಿ ಇದ್ದಿದ್ದೇ ಹಾಗೆ. ಕಟರ್, ಚಾಕು, ಪಿನ್ ವೈಸ್ ಎಲ್ಲಾ ನನ್ನ ಸೆಟ್ಟಿಂದಾನೇ ಕಳ್ಸಿದ್ದು, ಆಯುಧಪೂಜೇಲಿ ಇಟ್ಟ ಕುಂಕುಮ ಹಿಡೀಲಿ ಇನ್ನೂ ಇರಬಹುದು, ಒರೆಸ್ಕೋ. ಮುಚ್ಚಳ ತೆಗೆದ ತಕ್ಷಣ ಒಳಗಿನ ಫೋಟೋ ಕಳ್ಸು, ಗಾಜಿನ ಹತ್ತಿರ ಟೈರ್ ಬಿದ್ದಿತ್ತಾ ಅಂತ ನೋಡಬೇಕು, ಅಕಸ್ಮಾತ್ ಗುರುತು ಬಿದ್ದಿದ್ರೆ ನನ್ನ ಬಿಡಿಭಾಗದ ಡಬ್ಬೀಲಿ ಬೇರೆ ವಿಂಡ್‌ಶೀಲ್ಡ್ ಇದೆ, ಸೋಮವಾರವೇ ಪೋಸ್ಟ್ ಮಾಡ್ತೀನಿ.

ಅಮ್ಮ