ಗುಳೆ ಹೋದವರ ಗುಳಿಗೆ ತಪ್ಪದಿರಲಿ

ಮಾನ್ಯ ಸಂಪಾದಕರೇ,

ಎಚ್‌ಐವಿ ಸೋಂಕಿತರಿಗೆ ಸರ್ಕಾರ 2004ರ ಏಪ್ರಿಲ್‌ನಿಂದ ಎಆರ್‌ಟಿ, ಅಂದರೆ ವೈರಾಣುವನ್ನು ಹತ್ತಿಕ್ಕುವ ಔಷಧ ಚಿಕಿತ್ಸೆಯನ್ನು ಉಚಿತವಾಗಿ ಕೊಡುತ್ತಿದೆ. ಈಗ ಬಹುತೇಕರಿಗೆ ದಿನಕ್ಕೊಂದೇ ಗುಳಿಗೆ. ಅದನ್ನು ತಪ್ಪದೆ ನುಂಗಿದರೆ ರಕ್ತದಲ್ಲಿನ ವೈರಾಣು ಪರೀಕ್ಷೆಗೂ ಸಿಗದಷ್ಟು ಕುಗ್ಗುತ್ತದೆ. ಹಾಗೆ ಕುಗ್ಗಿಯೇ ಇರುವವರೆಗೆ ಲೈಂಗಿಕ ಸಂಪರ್ಕದಿಂದ ಬಾಳಸಂಗಾತಿಗೆ ಸೋಂಕು ತಗುಲುವುದಿಲ್ಲ. ಇಷ್ಟೆಲ್ಲ ಇದ್ದರೂ ನಮ್ಮ ರಾಯಚೂರು ಜಿಲ್ಲೆಯಲ್ಲಿ ಚಿಕಿತ್ಸೆಯನ್ನು ನಡುವೆಯೇ ಬಿಡುವವರಿದ್ದಾರೆ. ನಾನೂ ಒಮ್ಮೆ ಬಿಟ್ಟವನು.

ಮಳೆ ಕೈಕೊಟ್ಟ ವರ್ಷ ಪುಣೆಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗಿದ್ದೆ. ತಗಡಿನ ಶೆಡ್ಡಿನಲ್ಲಿ ಒಂಬತ್ತು ಜನ ಮಲಗುತ್ತಿದ್ದೆವು. ರಾತ್ರಿ ಚೀಲದಿಂದ ಡಬ್ಬಿ ತೆಗೆದರೆ ಗುಳಿಗೆಗಳು ಗಲಗಲ ಸದ್ದು ಮಾಡುತ್ತಿದ್ದವು. ಏನದು ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು. ಮೊದಲು ಒಂದು ರಾತ್ರಿ ಬಿಟ್ಟೆ, ಆಮೇಲೆ ಒಂದು ವಾರ, ಡಬ್ಬಿ ಮುಗಿದ ಮೇಲೆ ಮತ್ತೆ ತರಲೇ ಇಲ್ಲ. ಕ್ಷಯ ಹಿಡಿದು ಊರಿಗೆ ಮರಳಿದಾಗ ಆಸ್ಪತ್ರೆಯೊಂದರಲ್ಲಿ ಎಲ್ಲರೆದುರು ಬೈಸಿಕೊಂಡೆ, ಮತ್ತೆ ಅತ್ತ ಹೋಗಲು ಕಾಲೇಳಲಿಲ್ಲ.

ನನ್ನನ್ನು ಚಿಕಿತ್ಸೆಗೆ ಮರಳಿಸಿದವರು ನನ್ನಂತೆಯೇ ಸೋಂಕಿನೊಂದಿಗೆ ಬದುಕುತ್ತಾ, ಆರೈಕೆ ಮತ್ತು ಬೆಂಬಲ ಕೇಂದ್ರದ ಕಾರ್ಯಕರ್ತೆಯಾಗಿದ್ದ ಒಬ್ಬ ಅಕ್ಕ. ಯಾಕೆ ಬಿಟ್ಟೆ ಎಂದು ಅವರು ಗದರಲಿಲ್ಲ. ‘ಡಬ್ಬಿ ಸಪ್ಪಳ ಮಾಡ್ತೈತಲ್ಲ ತಮ್ಮಾ? ಮ್ಯಾಲ ಒಂಚೂರು ಹತ್ತಿ ಇಡು’ ಎಂದು ತಮ್ಮದೇ ಡಬ್ಬಿಯನ್ನು ಹೊರತೆಗೆದು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು. ಸದ್ದೇ ಬರಲಿಲ್ಲ. ಚಿಕಿತ್ಸಾ ಪುಸ್ತಕ ಜೊತೆಗಿದ್ದರೆ ಬೇರೆ ಊರಿನ ಎಆರ್‌ಟಿ ಕೇಂದ್ರದಲ್ಲೂ ಗುಳಿಗೆ ಪಡೆಯಬಹುದು, ಬಿಟ್ಟು ಬಿಟ್ಟು ನುಂಗಿದರೆ ವೈರಾಣು ಔಷಧಕ್ಕೆ ಬಗ್ಗದಂತಾಗುತ್ತದೆ ಎಂಬುದೆಲ್ಲ ನನ್ನ ತಲೆಗೆ ಹೋದದ್ದು ಅಂದೇ. ಆಪ್ತಸಮಾಲೋಚಕರೂ ಇದನ್ನೇ ಹೇಳಿದ್ದರು, ಅವರ ಮೇಲೆ ನನ್ನ ದೂರಿಲ್ಲ. ಆದರೆ ಹೊರಗೆ ಸಾಲು ನಿಂತಿರುವಾಗ ಅವರಿಗೆ ಸಿಗುವ ನಾಲ್ಕು ನಿಮಿಷಗಳಲ್ಲಿ ಶೆಡ್ಡಿನ ರಾತ್ರಿಯ ಸಂಕಟ ನನ್ನ ಬಾಯಿಂದ ಹೊರಬೀಳುವುದು ಸಾಧ್ಯವಿರಲಿಲ್ಲ.

ಗುಳಿಗೆಯನ್ನು ಅತ್ತೆ ಮನೆಯಲ್ಲಿ ಬಚ್ಚಿಟ್ಟು ನುಂಗುವ ಹೆಣ್ಣುಮಕ್ಕಳ ಕಷ್ಟವಂತೂ ಇದಕ್ಕಿಂತ ದೊಡ್ಡದು, ಅದನ್ನು ಅವರು ಹೇಳಿಕೊಳ್ಳುವುದೂ ಅಂಥದೇ ಕಷ್ಟ ಉಂಡ ಇನ್ನೊಬ್ಬ ಹೆಣ್ಣುಮಗಳ ಎದುರಿಗೆ ಮಾತ್ರ.

ಆದ್ದರಿಂದ ಲಿಂಗಸುಗೂರು, ದೇವದುರ್ಗ, ಮಸ್ಕಿಯಂಥ ಗುಳೆ ಹೋಗುವವರು ಹೆಚ್ಚಿರುವ ತಾಲ್ಲೂಕುಗಳಲ್ಲಿ, ಗುಳಿಗೆ ಕೊಡುವ ದಿನಗಳಂದು, ಆ ಅಕ್ಕನಂತೆ ತಾವೂ ಸೋಂಕಿನೊಂದಿಗೆ ಬದುಕುತ್ತಿರುವ, ತರಬೇತಿ ಪಡೆದ ಅನುಭವಿ ಸಂಗಾತಿಗಳು, ಗಂಡೂ ಹೆಣ್ಣೂ, ಕಡ್ಡಾಯವಾಗಿ ಇರುವಂತೆ ಜಿಲ್ಲಾಡಳಿತ ಮತ್ತು ಆರೋಗ್ಯ ಇಲಾಖೆ ನೋಡಿಕೊಳ್ಳಬೇಕು. ಊರೂರು ತಿರುಗುವ ಈ ಸಂಗಾತಿಗಳಿಗೆ ಬಸ್ ಚಾರ್ಜು, ಫೋನಿನ ಖರ್ಚು ಸಹಿತ ಗೌರವಧನ ತಿಂಗಳು ತಿಂಗಳು ಕೈಸೇರಬೇಕು. ಇದನ್ನು ಬರೀ ಸೇವೆಯೆಂದು ಮಾಡಿಸಿಕೊಳ್ಳುವುದು ನ್ಯಾಯವಲ್ಲ. ಸೋಂಕಿತರ ಒಪ್ಪಿಗೆಯಿಲ್ಲದೆ ಅವರ ಮಾಹಿತಿಯನ್ನು ಬಹಿರಂಗಪಡಿಸುವುದನ್ನು 2017ರ ಎಚ್‌ಐವಿ-ಏಡ್ಸ್ ಕಾಯ್ದೆ ನಿರ್ಬಂಧಿಸಿದೆ. ಮನೆಗೆ ಹೋಗುವ ಮೊದಲು ಒಪ್ಪಿಗೆ ಕೇಳುವುದು ಆ ತರಬೇತಿಯ ಮೊದಲ ಪಾಠವಾಗಬೇಕು, ಏಕೆಂದರೆ ಹಳ್ಳಿಯಲ್ಲಿ ಯಾರ ಮನೆಗೆ ಯಾರು ಬಂದರೆಂಬುದು ಇಡೀ ಓಣಿಗೆ ತಿಳಿಯುತ್ತದೆ. ಗುಳೆ ಹೊರಡುವವರ ಕೈಗೆ ಹೋಗುವ ಊರಿನ ಎಆರ್‌ಟಿ ಕೇಂದ್ರದ ವಿಳಾಸ ಮತ್ತು ದಾರಿಗೆ ಸಾಲುವಷ್ಟು ಗುಳಿಗೆ ಬಸ್ಸು ಹತ್ತುವ ಮೊದಲೇ ಸೇರಬೇಕು.

– ಹೆಸರು ಪ್ರಕಟಿಸದಿರಲು ಕೋರಿದ ಓದುಗ, ಲಿಂಗಸುಗೂರು ತಾಲ್ಲೂಕು, ರಾಯಚೂರು ಜಿಲ್ಲೆ